ಕೆಂಪು ದಾರದ ಮಣಿ

ಮಗು ಹುಟ್ಟಿದಾಗ ಕೊರಳಿಗೆ ಹೋಲ್ಮಿಯಂ ಮಿಶ್ರಲೋಹದ ಮಣಿ ಕಟ್ಟುತ್ತಾರೆ. ಅದರ ಜೋಡಿ ನಮ್ಮ ಬಂದರಿನ ನ್ಯೂಟ್ರಾನ್ ಕೇಂದ್ರದಲ್ಲಿರುತ್ತದೆ. ಮಣಿ ಧರಿಸಿದವರು ಸತ್ತರೆ ಜೋಡಿಮಣಿಯೊಳಗಿನ ಪುಟ್ಟ ಅಯಸ್ಕಾಂತಗಳು ಸಾಲಾಗಿ ನಿಲ್ಲುತ್ತವೆ, ಅದರ ಮೂಲಕ ನ್ಯೂಟ್ರಾನ್ ಹಾಯಿಸಿದರೆ ಪರದೆಯ ಗೆರೆಯಲ್ಲಿ ಹೊಸ ಶಿಖರ ಏಳುತ್ತದೆ. ಅದನ್ನು ನೋಡಿ ಮನೆಯವರಿಗೆ ಹೇಳುವುದು ನನ್ನ ಕೆಲಸ.

ಬಿರುಗಾಳಿಯ ಮರುದಿನ, ದೋಣಿಯಲ್ಲಿ ಕಡಲಿಗೆ ಹೋಗಿದ್ದ ಶೀನನ ಜೋಡಿಮಣಿಯಲ್ಲಿ ಶಿಖರ ಎದ್ದಿತ್ತು. ಸಂಜೆ ಕಾಲೇಜಿನಲ್ಲಿ ಕಲಿತವಳು ನಾನು. ನನ್ನದೇ ತಪ್ಪಿರಬಹುದೆಂದು ಮೂರು ಸಲ ನ್ಯೂಟ್ರಾನ್ ಹಾಯಿಸಿದೆ. ಅದೇ ದೋಣಿಯಲ್ಲಿದ್ದ ನನ್ನ ಗಂಡ ಬಾಬುವಿನ ಜೋಡಿಮಣಿಯಲ್ಲಿ ಏನೂ ಇರಲಿಲ್ಲ. ಸಮಾಧಾನವಾಯಿತು, ಅದಕ್ಕೆ ನಾಚಿಕೆಯೂ ಆಯಿತು. ಕಿಟಕಿಯಾಚೆ ಕಾದಿದ್ದ ಶೀನನ ಹೆಂಡತಿ ಜಲಜಳಿಗೆ ವಿಷಯ ಹೇಳಿದೆ. ಅವಳು ಅಲ್ಲೇ ಕುಸಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಶೀನನೇ ಬಂದು ನಿಂತ, ಮೈಯೆಲ್ಲ ಒದ್ದೆ.

“ನಿಮ್ಮ ಮೆಷಿನಿಗೆ ಬೆಂಕಿ ಬೀಳಲಿ! ಇವರು ಸತ್ತರು ಅಂದ್ರಲ್ಲ ಅಕ್ಕ!” ಜಲಜ ಅಳುತ್ತಲೇ ನಕ್ಕಳು.

ಶೀನ ನಗಲಿಲ್ಲ. “ಅಕ್ಕ, ದೋಣಿಯಲ್ಲಿ ಬಾಬಣ್ಣನಿಗೆ ಜ್ವರ ಬಂತು. ನಮ್ಮಲ್ಲಿ ರೂಢಿ ಉಂಟಲ್ಲ, ಜ್ವರ ಇಳಿಯಲಿ ಅಂತ ಗಟ್ಟಿ ಇದ್ದವನು ಜ್ವರದವನ ಜೊತೆ ಮಣಿ ಬದಲಿಸಿಕೊಳ್ಳುವುದು...”

ಅವನ ಕೊರಳು ನೋಡಿದೆ. ಮದುವೆಯ ದಿನ ಬಾಬುವಿನ ಮಣಿಗೆ ನಾನೇ ಪೋಣಿಸಿದ್ದ ಕೆಂಪು ದಾರ ಅಲ್ಲಿತ್ತು.