ಅಸೆಂಬೊದ ಮಗಳು

ಒಬಿಯೆರೊ ಆ ಹೆಸರನ್ನು ಇನ್ನೊಮ್ಮೆ ಓದಿದ. ತಪ್ಪು ಓದಿರಲಿಲ್ಲ.

ಅಂತರ್ಜಾಲದ ಜೂಜಿನ ತಾಣಗಳಲ್ಲಿ ತಾನೇ ಆಡಿ ನೋಡಿ, ಯಾವುದು ನೆಟ್ಟಗಿದೆ, ಯಾವುದು ಬರೀ ಮೋಸ ಎಂದು ಬರೆದುಕೊಡುವುದು ಅವನ ಕೆಲಸ. ಈ ಹೊಸ ತಾಣದಲ್ಲಿ ಫುಟ್‌ಬಾಲ್ ಬಾಜಿ ಕಟ್ಟಿದ್ದಾಯಿತು, ಕ್ಯಾಸಿನೊ ಚಕ್ರ ತಿರುಗಿಸಿದ್ದಾಯಿತು, ಗೆದ್ದ ಚಿಲ್ಲರೆ ಹಣ ಫೋನಿನ ಖಾತೆಗೆ ಬಂದದ್ದೂ ಆಯಿತು. ಉಳಿದದ್ದು ಬಿಂಗೊ ಕೋಣೆ. ಅಲ್ಲಿ ಅಂಕಿಗಳು ಬೀಳುತ್ತಿದ್ದರೆ ಪಕ್ಕದಲ್ಲೇ ಆಟಗಾರರ ಹರಟೆ ಓಡುತ್ತಿರುತ್ತದೆ. ಆ ಹರಟೆಯ ನಡುವೆ ಎಲ್ಲರನ್ನೂ ನಗಿಸುತ್ತ ಕೂತವಳು ಇಟ್ಟುಕೊಂಡ ಹೆಸರು 'ಅಸೆಂಬೊದ ಮಗಳು'.

ಒಬಿಯೆರೊನ ಜನರಲ್ಲಿ ಗಂಡನ ಮನೆಗೆ ಬಂದ ಹೆಣ್ಣನ್ನು ಹೆಸರು ಹಿಡಿದು ಕರೆಯುವುದಿಲ್ಲ. ತವರೂರಿನ ಮಗಳೆಂದೇ ಕರೆಯುವುದು. ಕಿಸುಮು ಪಟ್ಟಣದ ಅವನ ಓಣಿಯಲ್ಲಿ ಅಸೆಂಬೊದ ಮಗಳೆಂದರೆ ಅವನ ಹೆಂಡತಿ ಅಪೊಂಡಿ. ಟೊಮೆಟೊ ಮಾರುವವಳಿಗೂ ಅದು ಗೊತ್ತು.

ಆದರೂ ಪರೀಕ್ಷೆ ಮಾಡದೆ ಹೇಗೆ? 'ಅಂಬಿಗ' ಎಂಬ ಸುಳ್ಳು ಹೆಸರಿನಲ್ಲಿ ಬರೆದ: "ಏನು ಮಾಡ್ತಾ ಇದ್ದೀರಿ, ಅಸೆಂಬೊದ ಮಗಳೇ?"

ಉತ್ತರ ಬಂತು: "ಮೀನು ಹುರಿಯುವ ವಾಸನೆ ಕುಡಿಯುತ್ತಿದ್ದೇನೆ, ಅಂಬಿಗರೇ. ಹಸಿವು ಹೆಚ್ಚಾಗುತ್ತಿದೆ."

ಅದೇ ವಾಸನೆ ಒಬಿಯೆರೊನ ಮೂಗಿಗೂ ಬಡಿಯಿತು. ಜೊತೆಗೆ ಅಡಿಗೆಮನೆಯಿಂದ ಕಿಸಕ್ಕನೆ ಒಂದು ನಗು. ಅಪೊಂಡಿಯದೇ.

ಎದ್ದು ಹೋಗಿ ಇಣುಕಿದ. ಅಪೊಂಡಿ ಬಾಣಲೆಯ ಮುಂದಿದ್ದಳು, ಫೋನು ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಹೊಸ್ತಿಲಲ್ಲಿ ಅಮ್ಮ, ಮಡಿಲಲ್ಲಿ ಆರಿಸುವ ಕಾಳು, ಕಿವಿಗೆ ಸಿಕ್ಕಿಸಿದ ಫೋನಿನ ತಂತಿಯಲ್ಲಿ ಚರ್ಚಿನ ಹಾಡು.

"ಏನದು ನಗು?"

"ಹೆಂಗಸರು ನಗೋದಕ್ಕೂ ನಿಮ್ಮ ಅಪ್ಪಣೆ ಬೇಕೇನ್ರೀ?" ಎಂದಳು ಅಪೊಂಡಿ.

ಅಮ್ಮ ತಲೆ ಎತ್ತಲಿಲ್ಲ. ಶಾಲೆಯಿಂದ ನಿವೃತ್ತಳಾದರೂ ಓಣಿಗೆಲ್ಲ ಈಗಲೂ ಟೀಚರಮ್ಮ. ಗಂಡ ಸತ್ತ ಮೇಲೆ ಲೋಕದ ಗೊಡವೆಯೇ ಬೇಡವೆಂದು ಮೂಲೆ ಹಿಡಿದವಳು. "ನಿನ್ನ ತವರೂರಿನ ಹುಡುಗೀನೇ ಆಗ್ಬೇಕು ಅಂತ ಹಟ ಹಿಡಿದು ತಂದೆಯಲ್ಲಮ್ಮ, ಸಾಕಾಯ್ತು ನಂಗೆ" ಎಂದು ಗೊಣಗಿ ಅವನು ಹಿಂದಿರುಗಿದ.

ತಾಣದ ಕೆಲಸ ಮುಗಿದರೂ ಬಿಂಗೊ ಕೋಣೆ ಬಿಡಲಾಗಲಿಲ್ಲ. ಅಂಬಿಗ ಹೊಗಳಿದ, ಕೀಟಲೆ ಮಾಡಿದ, ಕೊನೆಗೊಂದು ದಿನ ಕೇಳಿಯೇಬಿಟ್ಟ: "ಮನೆಯಲ್ಲಿ ಗಂಡಸರಿಲ್ಲವೇ?"

"ಒಬ್ಬನಿದ್ದಾನೆ. ಇಡೀ ದಿನ ಪರದೆ ನೋಡುತ್ತಾನೆ. ಕಣ್ಣೆದುರಿಗೆ ಕೂತ ನಾನು ಮಾತ್ರ, ಪಾಪ, ಅವನಿಗೆ ಕಾಣುವುದಿಲ್ಲ."

ಮಾತು ಚುಚ್ಚಿತು. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಆ ಅಲ್ಪವಿರಾಮಗಳು. ಅಪೊಂಡಿ ಅವನಿಗೆ ಕಳಿಸುವ ಸಂದೇಶಗಳೆಂದರೆ ನೆಲಕ್ಕೆ ಚೆಲ್ಲಿದ ಅಕ್ಕಿ: 'ಉಪ್ಪು ಸೋಪು ಬೇಗ ಬನ್ನಿ ಗ್ಯಾಸ್'. ಕಟ್ಟಿಕೊಂಡ ಗಂಡನಿಗೆ ಒಂದು ಚುಕ್ಕಿ ಇಡಲಾರದವಳು ಗುರುತಿಲ್ಲದ ಅಂಬಿಗನಿಗೆ ಇಷ್ಟು ಅಚ್ಚುಕಟ್ಟಾಗಿ ಬರೆಯುತ್ತಾಳೆ! ಒಬಿಯೆರೊಗೆ ಅಂಬಿಗನ ಮೇಲೆ ಕೊಂದುಬಿಡುವಷ್ಟು ಹೊಟ್ಟೆಕಿಚ್ಚಾಯಿತು. ಅಂಬಿಗ ತಾನೇ ಎಂಬುದು ಆ ಕಿಚ್ಚಿಗೇನೂ ಅಡ್ಡ ಬರಲಿಲ್ಲ.

ಮನೆಗೂ ಏನೋ ಹೊಸ ಕಳೆ. ಒಳಗೆ ಸದಾ ಗುಸುಗುಸು, ಗುನುಗು. ಅಮ್ಮನ ಹಳೆಯ ಕೆಮ್ಮು ಕೂಡ ನಿಂತುಹೋಗಿತ್ತು. ಅಪೊಂಡಿ ತುಟಿಯ ಬಣ್ಣ ಕೊಂಡುತಂದಳು. ಹಚ್ಚಿಕೊಂಡದ್ದನ್ನು ಮಾತ್ರ ಅವನು ಕಾಣಲಿಲ್ಲ. ವರದಿಯಲ್ಲಿ ಫುಟ್‌ಬಾಲ್ ಬಾಜಿಗೆ ನಾಲ್ಕು ನಕ್ಷತ್ರ ಕೊಟ್ಟು, ಬಿಂಗೊ ಕೋಣೆಗೆ 'ಮನೆಮುರುಕ' ಎಂದು ಬರೆದ, ಅಳಿಸಿದ, ಮತ್ತೆ ಬರೆದ.

ಕೊನೆಗೆ ಬಲೆ ಬೀಸಿದ: "ಶನಿವಾರ ಮಧ್ಯಾಹ್ನ ಡುಂಗಾ ದಂಡೆಯ ಮೀನಿನ ಹೋಟೆಲಿಗೆ ಬನ್ನಿ. ಗುರುತು ಹೇಗೆ?"

ಬರಲಾರಳು ಎಂದುಕೊಂಡ; ಬಾರದಿರಲಿ ಎಂದು ಬೇಡಿಕೊಂಡ. ಆಮೇಲೆ ಉತ್ತರ ಬಂತು: "ನೀಲಿ ಲೆಸೊ ಸುತ್ತಿಕೊಂಡು ಬರುತ್ತೇನೆ. ನಗಬಾರದು."

ಆ ನೀಲಿ ಬಟ್ಟೆ ಹಿತ್ತಲ ಹಗ್ಗದ ಮೇಲೆ ಒಣಗುತ್ತಿತ್ತು. ಮದುವೆಯಾದ ವರ್ಷ ಅಪೊಂಡಿಗೆ ಅವನೇ ಕೊಡಿಸಿದ್ದು.

ಅಪೊಂಡಿಯ ಅಣ್ಣ ಒಗುತುಗೆ ಫೋನು ಹಚ್ಚಿದ. "ನಿಮ್ಮ ತಂಗೀನ ನಿಮ್ಮನೆಗೇ ಕರ್ಕೊಂಡು ಹೋಗಿ ಭಾವ. ಅದಕ್ಕೆ ಮುಂಚೆ ಶನಿವಾರ ಡುಂಗಾಕ್ಕೆ ಬಂದು ಅವಳ ಆಟಾನ ಒಂದ್ಸಲ ಕಣ್ಣಾರೆ ನೋಡಿ."

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ," ಎಂದ ಒಗುತು. "ಬರ್ತೀನಿ. ನಿಜ ಆದ್ರೆ ಅಲ್ಲಿಂದಲೇ ಕರ್ಕೊಂಡು ಹೋಗ್ತೀನಿ. ಸುಳ್ಳಾದ್ರೆ ನೀನೊಂದು ಹೋರಿ ಹೊಡ್ಕೊಂಡು ಬಂದು ಎಲ್ಲರೆದುರಿಗೆ ಕ್ಷಮೆ ಕೇಳ್ಬೇಕು."

"ಒಂದ್ಯಾಕೆ, ಎರಡು ಹೊಡ್ಕೊಂಡು ಬರ್ತೀನಿ!" ಬಾಜಿಯ ಮನುಷ್ಯ, ಬಾಜಿ ಕಟ್ಟಿಯೇಬಿಟ್ಟ.

ಶನಿವಾರ ಅಪೊಂಡಿ ಬಾಗಿಲಲ್ಲಿ ನಿಂತು ಹೇಳಿದಳು, "ನಾನೂ ಅತ್ತೆನೂ ಹೊರಡ್ತೀವಿ. ಚರ್ಚಲ್ಲಿ ಹೆಂಗಸರ ಸಭೆ. ಊಟಕ್ಕೆ ಕಾಯ್ಬೇಡಿ." ಬಗಲಲ್ಲಿ ದಪ್ಪ ಚೀಲ. ಮುದುಕಿಯನ್ನೂ ನೆಪ ಮಾಡಿಕೊಂಡಳಲ್ಲ ಎಂದು ಒಬಿಯೆರೊ ಹಲ್ಲು ಕಡಿದ.

ಡುಂಗಾದಲ್ಲಿ ಮೀನು ಹುರಿಯುವ ಹೊಗೆ, ದೋಣಿಯವರ ಗಲಾಟೆ. ಕೆರೆಯ ಕಡೆಗಿನ ಕೊನೆಯ ಮೇಜಿನಲ್ಲಿ, ಒಬಿಯೆರೊ, ಒಗುತು ಇಬ್ಬರಿಗೂ ಬೆನ್ನು ಹಾಕಿ, ನೀಲಿ ಲೆಸೊದ ಹೆಂಗಸೊಬ್ಬಳು ಒಂಟಿಯಾಗಿ ಕುಳಿತಿದ್ದಳು. ತಲೆಗೂ ನೀಲಿ ಬಟ್ಟೆ. ಮುಂದೆ ಎರಡು ಖಾಲಿ ತಟ್ಟೆ.

ಒಗುತುವಿನ ಮುಖ ಬಾಡಿತು. "ನನ್ನ ತಂಗಿ ಲೆಸೊನೇ ಅದು. ಆಯ್ತಪ್ಪ, ನೀನೇ ಗೆದ್ದೆ."

ಗೆದ್ದವನಿಗೆ, ಸೋತಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು. ಆ ನೋವನ್ನೆಲ್ಲ ಸೇರಿಸಿ, ದಂಡೆಗೆಲ್ಲ ಕೇಳುವಂತೆ ಕೂಗಿದ: "ಅಸೆಂಬೊದ ಮಗಳೇ!"

ಗಂಡ ಸತ್ತ ಮೇಲೆ ಯಾರೂ ತನ್ನನ್ನು ಕೂಗಿ ಕರೆಯದಿದ್ದ ಆ ಹೆಸರಿಗೆ, ಬಣ್ಣ ಹಚ್ಚಿದ ತುಟಿ ಅರಳಿಸಿ, "ಬಂದಿರಾ, ಅಂಬಿಗರೇ?" ಎನ್ನುತ್ತ ತಿರುಗಿದಳು ಅಮ್ಮ.