ಖಾಲಿ ಬಿಟ್ಟ ತಾರೀಖು

ಎಡಗೈಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ ಮರುದಿನವೇ ಗುರುಶಾಂತಪ್ಪ ಪರಿಹಾರದ ಅರ್ಜಿ ಹಿಡಿದು ಹತ್ತಿ ಮಿಲ್ಲಿನ ಆಫೀಸಿಗೆ ಬಂದರು. ತಿಂಗಳ ಹಿಂದೆ ಮಷೀನಿನಲ್ಲಿ ಸಿಕ್ಕಿಕೊಂಡ ಹತ್ತಿಯನ್ನು ಬಿಡಿಸಲು ಹೋಗಿ ಅವರ ನಾಲ್ಕು ಬೆರಳು ಹೋಗಿದ್ದವು. ಗುಮಾಸ್ತ ಎದ್ದು ನಿಂತು ಕುರ್ಚಿ ಸರಿಸಿಕೊಟ್ಟ, ಚಹಾ ತರಿಸಿದ. ಆಮೇಲೆ ಅರ್ಜಿ ಓದಿ ತಲೆ ತಗ್ಗಿಸಿದ.

“ಇದು ಬರೂದಿಲ್ರೀ. ಬೆರಳು ಹೋಗಿದ್ದು ಮಂಗಳವಾರ. ನೀವು ಸೋಮವಾರನ ಕೆಲಸ ಬಿಟ್ಟೀರಿ.”

“ನಾನ್ಯಾವಾಗ ಬಿಟ್ಟೆ?”

ಗುಮಾಸ್ತ ಕಪಾಟಿನಿಂದ ಒಂದು ರಾಜೀನಾಮೆ ಪತ್ರ ತೆಗೆದು ಮುಂದಿಟ್ಟ. ಕೆಳಗಿದ್ದ ಸಹಿ ಗುರುಶಾಂತಪ್ಪನವರದೇ.

“ಇದು ಕೆಲಸಕ್ಕ ಸೇರಿದ ದಿನ ಹಾಕಿದ್ದು. ಎಲ್ಲಾರ ಕಡೆನೂ ಹಾಕಿಸ್ಕೊಂತಾರ, ನಿನಗ ಗೊತ್ತಿಲ್ಲೇನು? ತಾರೀಖಿನ ಜಾಗ ಖಾಲಿ ಇತ್ತು.”

“ಈಗ ಖಾಲಿ ಇಲ್ರೀ.”

“ಯಾರು ಬರದ್ರು?”

“ನಾನ ಬರದೇನ್ರಿ.”

ಗುರುಶಾಂತಪ್ಪನವರಿಗೆ ಇಲ್ಲದ ಬೆರಳುಗಳೂ ಉರಿದಂತಾಯಿತು. “ಮಾಲಕರು ಬರಿಸಿದ್ರೇನು? ನಡಿ, ಅವರನ್ನ ಕೇಳೋಣು. ಇಪ್ಪತ್ತೆರಡು ವರ್ಷ ದುಡದೀನಿ, ನನ್ನ ಕೈ ನೋಡಿದ್ರ ಅವರಿಗೂ ಕರುಳು ಚುರ್ ಅಂತೈತಿ.”

“ಅದಕ್ಕ ಅವರ ತನಕ ಬಿಡಬ್ಯಾಡ ಅಂದಿದ್ರಿ,” ಎಂದ ಗುಮಾಸ್ತ ಮೆಲ್ಲಗೆ. “ಕೈಕಾಲು ಕಳಕೊಂಡು ಬಂದವರ ಕಾಗದಕ್ಕ ಹಿಂದಿನ ದಿನದ ತಾರೀಖು ಬರದು, ಚಹಾ ಕುಡಿಸಿ ಕಳಿಸು ಅಂತ, ಸೂಪರ್‌ವೈಸರ್ ಆಗಿ ಈ ಕುರ್ಚಿ ನನಗ ಬಿಟ್ಟುಕೊಟ್ಟ ದಿನ ನೀವ ಕಲಿಸಿದ್ರಲ್ರೀ.”