ಕೊಡ ಹೊತ್ತವಳು

ನೋಡಿದಷ್ಟೂ ಚಿತ್ರಗಳ ಬಣ್ಣ ಸವೆಯುತ್ತಿದ್ದುದರಿಂದ ಧಾರವಾಡದ ಚಿತ್ರಶಾಲೆಯಲ್ಲೂ ಒಂದು ಚೀಟಿಗೆ ಹತ್ತೇ ಉಸಿರಿನ ನೋಟ. ಅಲ್ಲಿನ ಹೆಸರಾಂತ ‘ಕೊಡ ಹೊತ್ತವಳು’ ಚಿತ್ರದ ಹೆಣ್ಣಿಗೆ ಕಾಶವ್ವನ ಸತ್ತ ತಾಯಿಯದೇ ಮುಖ. ಮನೆಯಲ್ಲಿದ್ದ ತಾಯಿಯ ಪಟ ಎಂದೋ ಬಿಳಿಯ ಹಾಳೆಯಾಗಿತ್ತು. ಹಾಗಾಗಿ ಹದಿನೆಂಟು ವರ್ಷ ಪ್ರತಿ ಶುಕ್ರವಾರ ಬಂದು, ಹತ್ತು ಉಸಿರೂ ಆ ಮುಖವನ್ನೇ ನೋಡಿದ್ದಳು.

ಇವತ್ತು ಮಗಳು ಶಿವಲೀಲೆಯ ಮೊದಲ ಚೀಟಿ. ಅವಳಿಗಾಗಿ ಬಣ್ಣ ಉಳಿಯಲೆಂದು ಕಾಶವ್ವ ಚಿತ್ರಕ್ಕೆ ಬೆನ್ನು ಮಾಡಿ ನಿಂತಳು.

“ನಿಮ್ಮಜ್ಜಿ ಹೆಂಗ ಅದಾಳ, ಹೇಳು.”

“ಸೀರಿ ಐತಿ, ಕೊಡ ಐತಿ...” ಶಿವಲೀಲೆ ತಡೆದಳು. “ಮಾರೀನ ಇಲ್ಲಬೇ ಯವ್ವಾ. ಮೂಗಿನ ನತ್ತಷ್ಟ ಉಳದೈತಿ. ಯಾರೋ ಪೂರಾ ನೋಡಿ ಮುಗಿಸ್ಯಾರ.”

ಕಾಶವ್ವ ತಿರುಗಲಿಲ್ಲ. ಹೋದ ಶುಕ್ರವಾರವೂ ಅವಳಿಗೆ ಆ ಮುಖ, ತಾಯಿಯ ಹುಬ್ಬಿನ ಮೇಲಿದ್ದ ಗಾಯದ ಕಲೆಯ ಸಮೇತ, ನಿಚ್ಚಳವಾಗಿ ಕಂಡಿತ್ತು.